ಖಾಲಿ ಬಸ್ಸಿನ ಮಾನ್ಯ ಪ್ರಯಾಣಿಕರೇ, ದಯವಿಟ್ಟು ಇಳಿಯಿರಿ

ಮಾನ್ಯ ಬೆಂಬಲಿಗರೇ, ಪೋಷಕರೇ, ಕಿಟಕಿ ಪಕ್ಕದ ಸೀಟೇ ಆಗಬೇಕೆಂದು ಹಟ ಹಿಡಿದು ಪಡೆದ ಮಹನೀಯರೇ, ಸೀಟು ಸಿಗದೆ ಕಂಬಿ ಹಿಡಿದು ನಿಂತಿರುವ ಮಹಾತಾಯಂದಿರೇ,

ತಮಗೆಲ್ಲರಿಗೂ ತಲೆಬಾಗಿ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ಆದರೆ ನಾನು ನಂಬಬೇಕಾದ ಪ್ರಮೇಯವೇ ಇಲ್ಲ, ಏಕೆಂದರೆ ತಾವು ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ, ಮೇಜಿನ ಮೇಲಿರುವ ತೆಳು ಹಲಗೆಯ ಬಸ್ಸಿನೊಳಗೆ, ಬೆರಳುದ್ದದ ಬೊಂಬೆಗಳಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿರುವುದನ್ನು ನಾನು ದಿನಾ ಬೆಳಿಗ್ಗೆ ಕಣ್ಣಾರೆ ನೋಡುತ್ತಿದ್ದೇನೆ. ತಮ್ಮ ಮುಖದ ದೂಳನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸುವವಳೂ ನಾನೇ. ಸ್ವಂತ ಮನೆಯಲ್ಲಿ ತಮಗೆ ಇಷ್ಟು ಉಪಚಾರ ಸಿಗುತ್ತಿರಲಾರದು ಎಂದು ಧೈರ್ಯವಾಗಿ ಹೇಳಬಲ್ಲೆ.

ಈ ಪತ್ರ ಬಹಿರಂಗವಾದ್ದರಿಂದ ಸಂಗತಿ ತಿಳಿಯದವರೂ ಓದಬಹುದು, ಅವರಿಗಾಗಿ ಎರಡು ಮಾತು. ನಾನು ಬೊಂಬೆಗಳ ಸಿನಿಮಾ ಮಾಡುವವಳು. ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ ತೆಗೆಯುವುದು, ಮತ್ತೆ ಕೂದಲೆಳೆಯಷ್ಟು ಸರಿಸಿ ಇನ್ನೊಂದು ತೆಗೆಯುವುದು, ಹೀಗೆ ಇಡೀ ದಿನ ಸೊಂಟ ಬಗ್ಗಿಸಿ ದುಡಿದರೆ ಸಂಜೆಯ ಹೊತ್ತಿಗೆ ಬೊಂಬೆ ಒಂದು ಸಲ ಸೀನಿರುತ್ತದೆ. ಇಂಥ ಕೆಲಸಕ್ಕೆ ಬಂಡವಾಳ ಹಾಕುವಷ್ಟು ತಲೆ ಕೆಟ್ಟವರು ಯಾರೂ ಇಲ್ಲದ ಕಾರಣ ಇದನ್ನು ಸ್ವತಂತ್ರ ಸಿನಿಮಾ ಎಂದು ಕರೆಯುತ್ತಾರೆ. ಸ್ವತಂತ್ರ ಎಂದರೆ ಹೇಳುವವರು ಕೇಳುವವರು ಯಾರೂ ಇಲ್ಲ ಎಂದರ್ಥ. ತಮ್ಮ ಪರಿಚಯವಾಗುವ ತನಕ ನಾನೂ ಹಾಗೆಯೇ ತಿಳಿದುಕೊಂಡಿದ್ದೆ.

ನನ್ನ ಸಿನಿಮಾದ ಹೆಸರು ‘ಖಾಲಿ ಬಸ್ಸು’. ಹೆಸರನ್ನು ಇನ್ನೊಮ್ಮೆ ನಿಧಾನವಾಗಿ ಓದಿಕೊಳ್ಳಬೇಕೆಂದು ತಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ನಮ್ಮಪ್ಪ ಬಸ್ ಡ್ರೈವರ್ ಆಗಿದ್ದವರು. ನೌಕರಿಯ ಕೊನೆಯ ವರ್ಷಗಳಲ್ಲಿ ಅವರ ಪಾಲಿಗೆ ಉಳಿದದ್ದು ಯಾರೂ ಹತ್ತದ ಒಂದು ರೂಟು. ಅದನ್ನು ನಿಲ್ಲಿಸಬೇಕೆಂದು ಆಫೀಸಿನಲ್ಲಿ ಯಾರಿಗೂ ಹೊಳೆಯಲಿಲ್ಲ, ಹೊಳೆದವರಿಗೆ ಸಹಿ ಹಾಕುವ ಅಧಿಕಾರವಿರಲಿಲ್ಲ. ಅಪ್ಪ ದಿನಾ ಸಂಜೆ ಆ ಬಸ್ಸನ್ನು ಒಬ್ಬರೇ ತೆಗೆದುಕೊಂಡು ಹೋಗಿ, ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿ, ಬಾಗಿಲು ತೆರೆದು, ಒಂದು ಕ್ಷಣ ಕಾದು, ಮುಚ್ಚಿ, ಮುಂದಕ್ಕೆ ಹೋಗುತ್ತಿದ್ದರು. ಊಟಕ್ಕೆ ಕೂತಾಗ, “ಇವತ್ತೂ ಗಾಳಿಯನ್ನ ಕೂರಿಸ್ಕೊಂಡು ಹೋಗಿ ಬಂದೆ” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು, ಅವರು ನಗುತ್ತಿರಲಿಲ್ಲ. ನನ್ನ ಸಿನಿಮಾ ಇಷ್ಟೇ: ಒಬ್ಬ ಡ್ರೈವರ್, ಒಂದು ಬಸ್ಸು, ತೆರೆದು ಮುಚ್ಚುವ ಬಾಗಿಲು. ಹತ್ತು ನಿಮಿಷ. ಬೊಂಬೆ ಒಂದೇ ಒಂದು.

ಒಂದೇ ಒಂದು ಬೊಂಬೆಯಾದರೂ ಖರ್ಚಿಗೆ ದುಡ್ಡು ಬೇಕಲ್ಲ, ಅದಕ್ಕಾಗಿ ಆನ್‌ಲೈನಿನಲ್ಲಿ ಕ್ರೌಡ್‌ಫಂಡಿಂಗ್ ಶುರುಮಾಡಿದೆ, ಅಂದರೆ ಕೊಟ್ಟವರಿಗೊಂದು ಉಡುಗೊರೆಯ ಆಸೆ ತೋರಿಸಿ ಊರವರಿಂದ ಚಂದಾ ಎತ್ತುವುದು. ಜಾಹೀರಾತು ಕಂಪನಿಯಲ್ಲಿರುವ ನನ್ನ ಗೆಳತಿ, “ಜನಕ್ಕೆ ಟೀ ಶರ್ಟೂ ಬೇಡ, ಕಾಫಿ ಕಪ್ಪೂ ಬೇಡ ಕಣೇ. ಅವರ ಮುಖ ಅವರಿಗೆ ಕಾಣಬೇಕು, ಅಷ್ಟೇ” ಎಂದು ಉಪದೇಶ ಮಾಡಿದಳು. ನಾನು ತಮಾಷೆಗೆಂದು ಉಡುಗೊರೆಗಳ ಸಾಲಿನ ಕೊನೆಯಲ್ಲಿ, ‘ಈ ಬಸ್ಸಿಗೆ ಒಬ್ಬ ಪ್ರಯಾಣಿಕರು ಬೇಕಾಗಿದ್ದಾರೆ. ತಾವು ಬೆಂಬಲಿಸಿದರೆ ತಮ್ಮದೇ ಮುಖದ ಬೊಂಬೆಯನ್ನು ಮಾಡಿ ಬಸ್ಸಿನಲ್ಲಿ ಕೂರಿಸಿ, ಆಮೇಲೆ ತಮಗೇ ಕೊಡಲಾಗುವುದು’ ಎಂದು ಬರೆದೆ. ಅದರ ಪಕ್ಕದಲ್ಲಿ ಎಷ್ಟು ಮಂದಿಗೆ ಎಂದು ತುಂಬುವ ಒಂದು ಪುಟ್ಟ ಜಾಗವಿತ್ತು. ಅದನ್ನು ಖಾಲಿ ಬಿಟ್ಟೆ. ಯಾರು ಕೇಳುತ್ತಾರೆ ಎಂಬ ಧೈರ್ಯ. ಅಕಸ್ಮಾತ್ ಒಬ್ಬರು ಕೇಳಿದರೂ ಅವರನ್ನು ಸ್ಟಾಪಿನಲ್ಲಿ ನಿಲ್ಲಿಸಿ ಬಸ್ಸು ಹತ್ತದ ಹಾಗೆ ಮಾಡಿದರಾಯಿತು ಎಂಬ ಲೆಕ್ಕಾಚಾರ.

ಮೊದಮೊದಲು ಯಾರೂ ಕೇಳಲಿಲ್ಲ, ಎಲ್ಲವೂ ನೆಮ್ಮದಿಯಾಗಿ ಮುಳುಗುತ್ತಿತ್ತು. ಆಗ ನಮ್ಮ ಚಿಕ್ಕಮ್ಮ ಸೆರಗು ಕಟ್ಟಿ ಕಣಕ್ಕೆ ಇಳಿದರು. ‘ನಮ್ಮಕ್ಕನ ಮಗಳ ಬಸ್ಸು ದಾರಿಯಲ್ಲಿ ನಿಂತುಬಿಟ್ಟಿದೆ. ನಾಲ್ಕು ಜನ ಬಂದು ತಳ್ಳಿ’ ಎಂದು ಗೊತ್ತಿರುವವರಿಗೆಲ್ಲ ಮೆಸೇಜು ಕಳಿಸಿದರು. ಗೊತ್ತಿರುವವರು ಗೊತ್ತಿಲ್ಲದವರಿಗೆ ಕಳಿಸಿದರು. ಒಬ್ಬ ಮೆಕ್ಯಾನಿಕ್ ನನಗೆ ಫೋನ್ ಮಾಡಿ ಯಾವ ಮಾಡೆಲ್ಲು, ಕ್ಲಚ್ಚೋ ಗೇರ್ ಬಾಕ್ಸೋ ಎಂದು ವಿಚಾರಿಸಿದ. ಬೊಂಬೆ ಬಸ್ಸೆಂದು ತಿಳಿದ ಮೇಲೆ, “ಇರಲಿ ಬಿಡಿ, ನಂದೂ ಒಂದು ಸೀಟು ಹಾಕಿ” ಎಂದ. ಹೀಗೆ ತಾವು ಬಂದಿರಿ. ಒಬ್ಬೊಬ್ಬರಾಗಿ ಬರಲಿಲ್ಲ, ನುಗ್ಗಿಕೊಂಡು ಬಂದಿರಿ. ನಾನು ಎಚ್ಚೆತ್ತು ಬಾಗಿಲು ಮುಚ್ಚುವಷ್ಟರಲ್ಲಿ ನಲವತ್ತು ಸೀಟೂ ಭರ್ತಿಯಾಗಿ, ಉಳಿದವರು ಕಂಬಿ ಹಿಡಿದು ನಿಂತಾಗಿತ್ತು. ‘ಖಾಲಿ ಬಸ್ಸು’ ಸಿನಿಮಾವನ್ನು ಉಳಿಸಲೆಂದೇ ಹೊರಟು ಬಸ್ಸನ್ನು ಕಾಲಿಡಲು ಜಾಗವಿಲ್ಲದಂತೆ ತುಂಬಿಸಿದ ತಮ್ಮ ಔದಾರ್ಯವನ್ನು ಯಾವ ಬಾಯಿಂದ ಹೊಗಳಲಿ? ನೀರಿಗೆ ಬಿದ್ದವಳನ್ನು ಮೇಲಕ್ಕೆತ್ತಲು ಇಡೀ ಬೀದಿಯೇ ಒಟ್ಟಿಗೆ ಹಾರಿದರೆ ಅವಳ ಗತಿ ಏನಾದೀತೋ ನನ್ನ ಗತಿಯೂ ಅದೇ ಆಯಿತು.

ತಮ್ಮ ಬೇಡಿಕೆಗಳನ್ನು ನಾನು ಗೌರವದಿಂದ ಸ್ಮರಿಸಿಕೊಳ್ಳುತ್ತೇನೆ. ಹಲ್ಲಿನ ಡಾಕ್ಟರು ತಮ್ಮ ಬೊಂಬೆಗೆ ಮೂವತ್ತೆರಡೂ ಹಲ್ಲಿರಬೇಕೆಂದು ಪತ್ರ ಬರೆದರು. ಬಾಯಿ ಮುಚ್ಚಿಯೇ ಇರುತ್ತದೆ ಎಂದರೂ ಕೇಳಲಿಲ್ಲ, “ಒಳಗಿದೆ ಅಂತ ನನಗೆ ಗೊತ್ತಿದ್ರೆ ಸಾಕು” ಎಂದರು. ಇಬ್ಬರು ಅಕ್ಕತಂಗಿಯರು ಬೇರೆಬೇರೆಯಾಗಿ ಹಣ ಕಳಿಸಿ, ಇನ್ನೊಬ್ಬಳ ಬೆನ್ನು ಕೂಡ ತನಗೆ ಕಾಣಬಾರದೆಂದು ಇಬ್ಬರೂ ಷರತ್ತು ಹಾಕಿದರು. ಒಬ್ಬಳನ್ನು ಮುಂದೆ, ಒಬ್ಬಳನ್ನು ಹಿಂದೆ ಕೂರಿಸಿದೆ. ಹಿಂದೆ ಕೂತವಳಿಗೆ ಮುಂದಿನವಳ ಬೆನ್ನು ಕಾಣದಿರಲೆಂದು ಮಧ್ಯದಲ್ಲಿ ದಪ್ಪಗಿರುವ ಒಬ್ಬ ಮಹನೀಯರನ್ನು ನಿಲ್ಲಿಸಿದೆ. ತನ್ನನ್ನು ಅಲ್ಲೇ ಯಾಕೆ ನಿಲ್ಲಿಸಿದ್ದೀರಿ ಎಂದು ಅವರು ಈಗಲೂ ಕೇಳುತ್ತಿದ್ದಾರೆ. ಉತ್ತರ ಇಲ್ಲಿದೆ, ಹೊಟ್ಟೆಗೆ ಹಾಕಿಕೊಳ್ಳಿ.

ಇದನ್ನೆಲ್ಲ ನಾನು ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಏನೆಂದರೆ, ತಾವು ನಮ್ಮಪ್ಪನನ್ನು ಕಸಿದುಕೊಂಡಿರಿ. ನನ್ನ ಜೊತೆಯಲ್ಲೇ ಇರುವ ಈ ಮನುಷ್ಯ ಶೆಡ್ಡಿನ ಹೊಸ್ತಿಲು ತುಳಿದಿರಲಿಲ್ಲ. ಸಿನಿಮಾ ಯಾವುದರ ಬಗ್ಗೆ ಎಂದು ಹೇಳಿದ ದಿನ, “ಮಾಡೋಕೆ ಬೇರೆ ಏನೂ ಸಿಗಲಿಲ್ವಾ?” ಎಂದು ಕೇಳಿ ಮುಖ ಗಂಟು ಹಾಕಿಕೊಂಡು ಎದ್ದು ಹೋಗಿದ್ದರು. ಅಂಥವರು, ಬಸ್ಸು ಭರ್ತಿಯಾಗಿದೆ ಎಂದು ಚಿಕ್ಕಮ್ಮನ ಬಾಯಿಂದ ಕೇಳಿದ ಮರುದಿನ ಕನ್ನಡಕ ಒರೆಸಿಕೊಂಡು ಒಳಗೆ ಬಂದರು. ಬಸ್ಸಿನ ಚಾವಣಿಯನ್ನು ಡಬ್ಬಿಯ ಮುಚ್ಚಳದಂತೆ ಎತ್ತಿ, ತಮ್ಮನ್ನೆಲ್ಲ ಒಂದು ಕಡೆಯಿಂದ ನೋಡುತ್ತಾ ಹೋದರು. ಬಾಗಿಲ ಹತ್ತಿರ ಗುಂಪಾಗಿ ನಿಂತವರನ್ನು ಹಿಂದಕ್ಕೆ ತಳ್ಳಿದರು. ಅಂದಿನಿಂದ ಅವರಿಗೆ ಎಲ್ಲಿಲ್ಲದ ಹುರುಪು. ಬೆಂಬಲಿಗರೆಲ್ಲ ಸೇರಿ ಮಾಡಿಕೊಂಡಿದ್ದ ಫೋನ್ ಗುಂಪಿಗೆ ಸೇರಿಕೊಂಡರು, ಗುಂಪಿನ ಹೆಸರನ್ನು ‘ನಮ್ಮ ಬಸ್ಸು’ ಎಂದು ಬದಲಿಸಿದರು, ತಮ್ಮ ದೂರುಗಳಿಗೆಲ್ಲ ನನಗಿಂತ ಮೊದಲು ಉತ್ತರ ಕೊಡತೊಡಗಿದರು. ನಾಯಿಯ ಬೊಂಬೆಯನ್ನೂ ಕೂರಿಸಿ ಎಂದು ಕೇಳಿದವರಿಗೆ, “ನಾಯಿಗೆ ಅವಕಾಶ ಇಲ್ಲ. ನಿಯಮ ಅಂದ್ರೆ ನಿಯಮ” ಎಂದು ನಿಷ್ಠುರವಾಗಿ ಹೇಳಿದವರು ಅವರೇ. ನಿರ್ದೇಶಕಿ ನಾನು ಎಂಬ ಸಂಗತಿ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಮುಂದಿನ ಕಷ್ಟ ತಮಗೆ ಗೊತ್ತಿರುವುದೇ. ಓಡುವ ಬಸ್ಸಿನಲ್ಲಿ ಕೂತವರು ಅಲುಗಾಡಬೇಕು. ಒಬ್ಬ ಡ್ರೈವರನನ್ನು ಅಲುಗಾಡಿಸಲು ನನಗೆ ಎರಡು ಕೈ ಸಾಕು, ಇಷ್ಟು ಜನರನ್ನು ಒಂದೊಂದು ಫೋಟೊಗೂ ಒಬ್ಬೊಬ್ಬರನ್ನಾಗಿ ಸರಿಸುತ್ತಾ ಹೋದರೆ ಸಿನಿಮಾ ಮುಗಿಯುವ ಹೊತ್ತಿಗೆ ನನಗೂ ಬೊಂಬೆಗೂ ವ್ಯತ್ಯಾಸ ಉಳಿಯುತ್ತಿರಲಿಲ್ಲ. ಈ ತಾಪತ್ರಯ ಗುಂಪಿನಲ್ಲಿ ಚರ್ಚೆಯಾದದ್ದೇ ತಡ, ತಾವು ಎರಡನೆಯ ಸಲ ಸೊಂಟ ಕಟ್ಟಿ ನಿಂತಿರಿ. ತಂತಮ್ಮ ಬೊಂಬೆಯನ್ನು ತಾವೇ ಬಂದು ಸರಿಸುತ್ತೇವೆ ಎಂದಿರಿ. ನಾನು ಬೇಡ ಎಂದೆ, ಅಪ್ಪ ಭಾನುವಾರ ಬನ್ನಿ ಎಂದರು.

ಆ ಭಾನುವಾರ ನಮ್ಮ ಓಣಿಯಲ್ಲಿ ಸ್ಕೂಟರು ಕಾರುಗಳ ನಡುವೆ ಬೆಕ್ಕು ದಾಟಲೂ ಜಾಗವಿರಲಿಲ್ಲ. ಬಸ್ಸೊಂದನ್ನು ಉಳಿಸಲು ಇಷ್ಟು ಮಂದಿ ಬಂದಿದ್ದಾರೆ, ಒಬ್ಬರೂ ಬಸ್ಸಿನಲ್ಲಿ ಬಂದಿಲ್ಲ ನೋಡಿ ಎಂದು ಅಪ್ಪನ ಕಿವಿಯಲ್ಲಿ ಹೇಳಿದೆ. “ಬರೋಕೆ ಬಸ್ಸೆಲ್ಲಿದೆ?” ಎಂದು ಹೇಳಿ ಅವರು ತಮ್ಮನ್ನು ಸಾಲಾಗಿ ನಿಲ್ಲಿಸಲು ಹೋದರು.

ಬಸ್ಸು ಎಡಕ್ಕೆ ತಿರುಗುವ ದೃಶ್ಯ. ತಾವು ಒಬ್ಬರ ಹಿಂದೊಬ್ಬರು ಶೆಡ್ಡಿನೊಳಗೆ ಬಂದು, ಉಸಿರು ಬಿಗಿಹಿಡಿದು, ತಂತಮ್ಮ ಬೊಂಬೆಯನ್ನು ಕೂದಲೆಳೆಯಷ್ಟು ವಾಲಿಸಿ ಹೊರಗೆ ಹೋಗುತ್ತಿದ್ದಿರಿ. ನಾನು ಒಂದು ಫೋಟೊ ತೆಗೆಯುತ್ತಿದ್ದೆ. ಮತ್ತೆ ಸಾಲು ಶುರು. ಹೊತ್ತು ನೆತ್ತಿಗೇರುವ ತನಕ ಹೀಗೆ ದುಡಿದು, ಫೋಟೊಗಳನ್ನು ಜೋಡಿಸಿ ಓಡಿಸಿ ನೋಡಿದರೆ, ಬಸ್ಸು ತಿರುವಿಗೆ ಬಂದ ತಕ್ಷಣ ಅರ್ಧ ಜನ ಎಡಕ್ಕೆ ವಾಲಿದ್ದಾರೆ, ಅರ್ಧ ಜನ ಬಲಕ್ಕೆ. ಬೈತಲೆ ತೆಗೆದ ಹಾಗೆ ಇಡೀ ಬಸ್ಸು ನಡುವೆ ಎರಡಾಗಿದೆ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅಪ್ಪ ಮಾತ್ರ ಪರದೆಯನ್ನು ದಿಟ್ಟಿಸಿ ನೋಡಿ, “ಎಡಕ್ಕೆ ವಾಲಿದವರೆಲ್ಲ ಕೈ ಎತ್ತಿ. ನೀವೆಲ್ಲ ಸ್ಕೂಟರ್ ಓಡಿಸೋರು ತಾನೆ?” ಎಂದರು. ತಾವು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ. “ಡಾಕ್ಟ್ರೇ, ಇದು ಸ್ಕೂಟರಲ್ಲ, ತಿರುವಿನ ಕಡೆಗೇ ವಾಲೋಕೆ. ಬಸ್ಸು ಎಡಕ್ಕೆ ತಿರುಗಿದ್ರೆ ನೀವು ಬಲಕ್ಕೆ ಬೀಳಬೇಕು. ನೀವಾಗಿ ಬೀಳೋದಲ್ಲ, ಬಸ್ಸು ಬೀಳಿಸುತ್ತೆ. ಬಸ್ಸಲ್ಲಿ ಕೂತೇ ಇಲ್ವಾ ಯಾವತ್ತೂ?”

ಬಳಿಕ ನಮ್ಮ ಅಂಗಳದಲ್ಲಿ ನಡೆದದ್ದನ್ನು ನೆರೆಹೊರೆಯವರು ಇನ್ನೂ ನೆನೆಸಿಕೊಂಡು ನಗುತ್ತಾರೆ. ಅಪ್ಪ ಬೀದಿಯಲ್ಲಿದ್ದಬದ್ದ ಕುರ್ಚಿಗಳನ್ನೆಲ್ಲ ಕೇಳಿ ತರಿಸಿ, ಎರಡೆರಡರಂತೆ ಸಾಲಾಗಿ ಹಾಕಿ, ನಡುವೆ ಓಡಾಡಲು ದಾರಿ ಬಿಟ್ಟು, ತಮ್ಮನ್ನೆಲ್ಲ ಬೊಂಬೆಗಳ ಕ್ರಮದಲ್ಲೇ ಕೂರಿಸಿದರು. ಅಪ್ಪ ಮುಂದಿನ ಸ್ಟೂಲಿನ ಮೇಲೆ ಕೂತು, ಅಡುಗೆಮನೆಯ ತಟ್ಟೆಯೊಂದನ್ನು ಸ್ಟೀರಿಂಗಿನಂತೆ ಹಿಡಿದುಕೊಂಡರು. “ಎಡ!” ಎಂದಾಗ ತಾವು ಬಲಕ್ಕೆ ಬಿದ್ದಿರಿ. “ಬ್ರೇಕ್!” ಎಂದಾಗ ಮುಂದಕ್ಕೆ ಮುಗ್ಗರಿಸಿದಿರಿ. ಸಂಬಳ ಪಡೆಯುವ, ಮಕ್ಕಳಿರುವ, ಮಾನವಂತ ಜನ! ಹಿಂದೆ ಕೂತಿದ್ದ ಅಕ್ಕ ಒಂದು ಬ್ರೇಕಿಗೆ ದಪ್ಪಗಿರುವ ಮಹನೀಯರ ಮೇಲೆ ಬಿದ್ದು, ಅವರು ತಂಗಿಯ ಮೇಲೆ ಬಿದ್ದು, ಮೂವರೂ ನೆಲದ ಮೇಲಿದ್ದಾಗ ಅಕ್ಕತಂಗಿಯರು ನಗು ತಡೆಯಲಾರದೆ ಹೋದದ್ದನ್ನು ನಾನು ನೋಡಿಲ್ಲವೆಂದುಕೊಂಡಿದ್ದೀರಾ? ಎದ್ದು ನಿಂತ ಮೇಲೆ ಮತ್ತೆ ಮಾತು ಬಿಟ್ಟರು, ಅದು ಬೇರೆ ವಿಷಯ. ನಾನು ನೋಡುತ್ತಿದ್ದದ್ದು ಅವರನ್ನಲ್ಲ, ತಟ್ಟೆ ತಿರುಗಿಸುತ್ತಿದ್ದ ಅಪ್ಪನನ್ನು. ಹಿಂದೆ ಅಷ್ಟು ಜನರ ಸದ್ದು ಕೇಳುತ್ತಿದ್ದ ಅವರ ಮುಖವನ್ನು.

ಆಮೇಲೆ ತೆಗೆದ ದೃಶ್ಯ ಕೆಲವೇ ಸೆಕೆಂಡಿನದು. ಬಸ್ಸು ತಿರುಗುತ್ತದೆ, ಎಲ್ಲರೂ ಒಟ್ಟಿಗೆ ಬಲಕ್ಕೆ ವಾಲುತ್ತಾರೆ, ಒಟ್ಟಿಗೆ ಸರಿಯಾಗುತ್ತಾರೆ. ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಅಷ್ಟು ಜೀವ ತುಂಬಿದ ಒಂದು ಚೂರನ್ನೂ ನಾನು ಒಬ್ಬಳೇ ಮಾಡಿದ್ದಿಲ್ಲ. ನೋಡಿ ಅತ್ತುಬಿಟ್ಟೆ. ಸ್ವತಂತ್ರ ಕಲಾವಿದೆಯೊಬ್ಬಳ ಅತ್ಯುತ್ತಮ ದೃಶ್ಯದಲ್ಲಿ ಇಷ್ಟೊಂದು ಮಂದಿಯ ಬೆರಳ ಗುರುತು ಇರುವಂತೆ ಮಾಡಿ ಅವಳ ಮಾನ ಕಳೆದ ಅಪರಾಧಕ್ಕಾಗಿ ತಮ್ಮ ಮೇಲೆ ನನ್ನ ಮುಖ್ಯ ದೂರು ದಾಖಲಾಗಲಿ.

ಆ ದೃಶ್ಯ ನೋಡಿದ ಮೇಲೆಯೇ ಸಿನಿಮಾ ಹೇಗೆ ಮುಗಿಯಬೇಕು ಎಂಬುದು ನನಗೆ ಹೊಳೆದದ್ದು. ಬಸ್ಸು ತುಂಬಿ ಹೊರಡುತ್ತದೆ. ಒಂದೊಂದು ಸ್ಟಾಪಿನಲ್ಲಿ ಒಬ್ಬೊಬ್ಬರು, ಇಬ್ಬಿಬ್ಬರು ಇಳಿಯುತ್ತಾರೆ, ಯಾರೂ ಹತ್ತುವುದಿಲ್ಲ. ಕೊನೆಗೆ ಡ್ರೈವರ್ ಒಬ್ಬನೇ. ಮೊದಲಿನಿಂದ ಖಾಲಿಯಿರುವುದು ಬೇರೆ, ತುಂಬಿದ್ದು ಖಾಲಿಯಾಗುವುದು ಬೇರೆ. ಅಪ್ಪನ ಬಸ್ಸೂ ಒಂದು ಕಾಲಕ್ಕೆ ತುಂಬಿಕೊಂಡೇ ಓಡುತ್ತಿತ್ತು ಎಂಬುದು, ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಮೊದಲ ಕಥೆಯಲ್ಲಿ ಇರಲೇ ಇಲ್ಲ. ಹಾಗಾಗಿ ತಾವು ಬಂದು ತಂತಮ್ಮ ಬೊಂಬೆಯನ್ನು ಸೀಟಿನಿಂದ ಎಬ್ಬಿಸಿ, ಮೆಟ್ಟಿಲಿಳಿಸಿ, ಉಡುಗೊರೆಯೆಂದು ಮನೆಗೆ ತೆಗೆದುಕೊಂಡು ಹೋಗಬೇಕೆಂದು ಅತ್ಯಂತ ಸಂತೋಷದಿಂದ ಗುಂಪಿನಲ್ಲಿ ಬರೆದೆ.

ಅರ್ಧ ಗಂಟೆಯೊಳಗೆ ಅಪ್ಪ ಅದರ ಕೆಳಗೇ ಬರೆದರು: “ಯಾರೂ ಇಳೀಬೇಡಿ.”

ತಾವು ಮೂರನೆಯ ಸಲ ಸೊಂಟ ಕಟ್ಟಿದಿರಿ. ಎಂಥ ಒಗ್ಗಟ್ಟು! ಡಾಕ್ಟರು, “ನಾನು ಕೊನೇ ಸ್ಟಾಪಿನವರೆಗೂ ಬರ್ತೀನಿ” ಎಂದರು. ಕೊನೆಯ ಸ್ಟಾಪು ಬಂದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, “ಅದೇ ಬಸ್ಸಲ್ಲಿ ವಾಪಸ್” ಎಂದು ಮೆಕ್ಯಾನಿಕ್ ಉತ್ತರಿಸಿದ. ಜನ್ಮದಲ್ಲಿ ಯಾವುದಕ್ಕೂ ಒಪ್ಪದ ಅಕ್ಕತಂಗಿಯರಿಬ್ಬರೂ ಒಂದೇ ನಿಮಿಷದಲ್ಲಿ ಬೇರೆಬೇರೆಯಾಗಿ ಇಳಿಯುವುದಿಲ್ಲ ಎಂದರು. ಕೊಟ್ಟ ಹಣಕ್ಕೆ ಬರಬೇಕಾದ ಉಡುಗೊರೆಯನ್ನು ಬೇಡವೆಂದು ಒಕ್ಕೊರಲಿನಿಂದ ನಿರಾಕರಿಸಿದ ಬೆಂಬಲಿಗರು ಕ್ರೌಡ್‌ಫಂಡಿಂಗಿನ ಇತಿಹಾಸದಲ್ಲಿ ಇನ್ನೆಲ್ಲಾದರೂ ಇದ್ದರೆ ಅವರ ವಿಳಾಸ ಕೊಡಿ, ಅವರಿಗೂ ಒಂದು ಪತ್ರ ಬರೆಯುತ್ತೇನೆ.

ಅಪ್ಪನ ಜೊತೆ ಜಗಳವಾಡಿದೆ. ನನ್ನ ಸಿನಿಮಾವನ್ನು ಹಾಳು ಮಾಡುತ್ತಿದ್ದೀರಿ ಎಂದೆ. ಅವರು ತಟ್ಟೆ ಒರೆಸುತ್ತಾ ನಿಂತಿದ್ದರು. “ಖಾಲಿ ಬಸ್ಸು ಓಡಿಸಿದ್ದು ನೀನಲ್ಲ, ನಾನು. ಹೇಗಿತ್ತು ಅಂತ ನನಗೆ ಗೊತ್ತು. ಈಗ ಜನ ಕೂತಿದ್ದಾರೆ. ಅವರಾಗೇ ಬಂದು ಕೂತಿದ್ದಾರೆ. ಅವರನ್ನ ಇಳಿಸಿ, ಅದನ್ನೇ ಇನ್ನೊಂದ್ಸಲ ನೋಡಬೇಕಾ ನಾನು?” ಎಂದರು. ಇಷ್ಟು ದಿನ ಅವರ ಒಂಟಿತನವನ್ನು ಕೂದಲೆಳೆ ಕೂದಲೆಳೆಯಾಗಿ ಅಳೆದು ಫೋಟೊ ತೆಗೆಯುತ್ತಿದ್ದ ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಆದರೂ ಮಹನೀಯರೇ, ತಾವು ಇಳಿಯಲೇಬೇಕು. ಕಾರಣವನ್ನು ಅಪ್ಪನಿಗೆ ಹೇಳಿದ್ದೇನೆ, ತಮಗೂ ಹೇಳುತ್ತೇನೆ. ಆ ರೂಟಿನ ಬಸ್ಸು ತಾನಾಗಿ ಖಾಲಿಯಾಗಲಿಲ್ಲ. ಒಬ್ಬರು ಸ್ಕೂಟರ್ ಕೊಂಡರು, ಇನ್ನೊಬ್ಬರು ಕಾರು ಕೊಂಡರು, ಮತ್ತೊಬ್ಬರು ಮನೆ ಬದಲಿಸಿದರು. ನಿನ್ನೆಯವರೆಗೂ ಹತ್ತುತ್ತಿದ್ದವರು ಒಂದು ದಿನ ಹತ್ತಲಿಲ್ಲ, ಅಷ್ಟೇ. ಅವರಲ್ಲಿ ತಾವೂ ಇದ್ದಿರೋ ಇಲ್ಲವೋ ನನಗೆ ತಿಳಿಯದು, ತಮ್ಮಂಥವರಂತೂ ಇದ್ದರು. ಬಸ್ಸು ತಿರುಗಿದಾಗ ಯಾವ ಕಡೆಗೆ ಬೀಳಬೇಕೆಂದು ಮರೆಯುವಷ್ಟು ಹಿಂದೆಯೇ ತಾವೆಲ್ಲ ಇಳಿದಾಗಿದೆ. ಆಗ ಯಾರೂ ಡ್ರೈವರಿಗೆ ಹೇಳಿ ಇಳಿಯಲಿಲ್ಲ. ಅವರು ಮಾತ್ರ ಬಾಗಿಲು ತೆರೆದು ಕಾಯುತ್ತಲೇ ಇದ್ದರು. ಈಗ ಬೊಂಬೆಗಳಾಗಿಯಾದರೂ ಅವರ ಕಣ್ಣೆದುರಿಗೆ, ಹೇಳಿ ಇಳಿಯಿರಿ. ಇದನ್ನು ಕೇಳಿ ಅಪ್ಪ ತಟ್ಟೆಯನ್ನು ಅಡುಗೆಮನೆಯಲ್ಲಿ ಇಟ್ಟು ಬಂದರು. ಆಮೇಲೆ, “ಬರೀ ಹಾಗಾದ್ರೆ” ಎಂದರು. ಬರೆಯುತ್ತಿದ್ದೇನೆ.

ಆದ್ದರಿಂದ ಮುಂದಿನ ಭಾನುವಾರದಿಂದ ಸ್ಟಾಪಿಗೊಂದು ಗುಂಪಿನಂತೆ ದಯಮಾಡಿಸಬೇಕಾಗಿ ವಿನಂತಿ. ಸಾಧ್ಯವಾದರೆ ಬಸ್ಸಿನಲ್ಲಿ ಬನ್ನಿ. ಬಸ್ಸೇ ಇಲ್ಲವೆಂದರೆ ಆಫೀಸಿಗೆ ಅರ್ಜಿ ಹಾಕಿ, ಬಸ್ಸು ಬಿಡಿಸಿಕೊಂಡು, ಆಮೇಲೆ ಬನ್ನಿ. ಸಿನಿಮಾ ಉಳಿಸಿದ ತಮಗೆ ಇದೇನು ಮಹಾ? ಬರುವಾಗ ಯಾರೂ ಹೊಸ ಬೆಂಬಲಿಗರನ್ನು ಕರೆತರಬೇಡಿ, ನನ್ನ ಕೈಲಾಗುವುದಿಲ್ಲ. ಚಿಕ್ಕಮ್ಮನಿಗೆ ದಯವಿಟ್ಟು ಏನನ್ನೂ ತಿಳಿಸಬೇಡಿ.

ತಮ್ಮ ಬೆಂಬಲದ ಭಾರಕ್ಕೆ ಬಗ್ಗಿಹೋಗಿದ್ದರೂ ಇನ್ನೂ ಮುರಿಯದಿರುವ,
ತಮ್ಮ ವಿಶ್ವಾಸಿ,
ಡ್ರೈವರ್ ಮಗಳು

ಮರೆತ ಮಾತು: ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರದೊಂದು ಷರತ್ತಿದೆಯಂತೆ. ಇಳಿಯುವ ಪ್ರತಿಯೊಬ್ಬರೂ ಕೆಳಗಿನ ಮೆಟ್ಟಿಲಿನ ಮೇಲೆ ಒಂದು ಕ್ಷಣ ನಿಂತು, ತಿರುಗಿ, ಡ್ರೈವರನ ಕಡೆ ಕೈ ಎತ್ತಬೇಕು. ಪ್ರತಿಯೊಂದು ಕೈಗೂ ನನಗೆ ಒಂದು ವಾರ ಹಿಡಿಯುತ್ತದೆ, ಸಿನಿಮಾ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ ಎಂದು ಬೇಡಿಕೊಂಡೆ. “ಹೋಗಲಿ ಬಿಡು. ಅಷ್ಟು ದಿನ ಬಸ್ಸಲ್ಲಿ ಜನ ಇರ್ತಾರಲ್ಲ” ಎಂದರು. ಆದ್ದರಿಂದ ಯಾರೂ ಅವಸರ ಮಾಡಬೇಡಿ. ಎರಡೂ ಕೈ ಎತ್ತುತ್ತೇನೆ ಎಂದು ಡಾಕ್ಟರು ಈಗಾಗಲೇ ಬರೆದಿದ್ದಾರೆ. ಸ್ವಾಮಿ, ಒಂದು ಸಾಕು.